ಲಿಲ್ಲಿಗೆ ನೀರು ಬಿಡಿ

ಎಲ್ಲ ರಗಳೆಗೂ ಮೂಲ ಮೇಡಂ ಕೋಣೆಯ ಲಿಲ್ಲಿ ಗಿಡ. ರಜೆಗೆ ಹೊರಟಾಗ ಅವರು ಅದನ್ನು ಟಪಾಲು ಗುಮಾಸ್ತನಿಗೆ ಒಪ್ಪಿಸಿ, "ನಾನು ಬರೋವರೆಗೂ ಇದು ನಿಮ್ಮ ಕೈಲಿ. ಬಂದಮೇಲೆ ನಿಮ್ಮ ರಜೆ ಅರ್ಜಿ ನೋಡ್ತೀನಿ" ಎಂದಿದ್ದರು. ಗುಮಾಸ್ತನ ಮಗಳಿಗೆ ಹೆರಿಗೆಯಾಗಿ ಇಪ್ಪತ್ತು ದಿನವಾಗಿತ್ತು. ಪಾಪ, ಈ ಮನುಷ್ಯ ಮೊಮ್ಮಗಳ ಮುಖವನ್ನು ಫೋನಿನಲ್ಲಷ್ಟೇ ಕಂಡಿದ್ದ.

ವಾರವಿಡೀ ಹೊತ್ತುಹೊತ್ತಿಗೆ ನೀರು ಹಾಕಿದ್ದರೂ, ಮೇಡಂ ಬರುವ ದಿನ ಬೆಳಿಗ್ಗೆ ನೋಡಿದರೆ ಲಿಲ್ಲಿ ಜ್ವರ ಬಂದ ಕೋಳಿಯಂತೆ ಕತ್ತು ಇಳಿಬಿಟ್ಟು ಕೂತಿದೆ! ಗುಮಾಸ್ತ ತಕ್ಷಣ ನರ್ಸರಿಯವನಿಗೆ ಫೋನು ಮಾಡಿದ.

"ನೀರು ಬಿಡಿ ಸಾರ್. ನಾಕು ದಿನ ನೀರು ಬಿಡಿ, ತಾನೇ ಎದ್ದು ಕೂರುತ್ತೆ."

ನಾಲ್ಕು ದಿನ ಎಲ್ಲಿದೆ? ಮೇಡಂ ಬರುವುದು ಮೂರು ಗಂಟೆಗೆ. ನಾಲ್ಕು ದಿನದ ನೀರನ್ನು ಊಟದ ಹೊತ್ತಿನೊಳಗೇ ಬಿಟ್ಟುಬಿಡುವುದೆಂದು ಗುಮಾಸ್ತ ಜಗ್ಗು ಹಿಡಿದು ನಿಂತ.

"ತಣ್ಣೀರು ಯಾಕ್ರೀ ಸುರೀತೀರಾ? ಶೀತ ಆಗುತ್ತೆ!" ಎಂದು ಟೈಪಿಸ್ಟ್ ಅಕ್ಕ ತನ್ನ ಫ್ಲಾಸ್ಕಿನ ಬಿಸಿನೀರು ಬಗ್ಗಿಸಿದಳು. ಜವಾನ ತಾನು ಕುಡಿದುಳಿದ ಟೀ ಸುರಿದು, "ಶಕ್ತಿ ಬರಲಿ ಬಿಡಿ ಸಾರ್" ಎಂದ.

"ಇದು ಗಿಡಾನೋ, ಕೈ ತೊಳ್ಯೋ ಬಚ್ಚಲೋ? ಹೊರಗೆ ನಡೀರಿ ಎಲ್ಲಾ!" ಗುಮಾಸ್ತ ಗುಡುಗಿದ. ಅಷ್ಟರಲ್ಲಿ ನೀರು ಕುಂಡದಿಂದ ಮೇಜಿಗೆ, ಮೇಜಿನಿಂದ ಅಂದಿನ ಟಪಾಲಿಗೆ ಇಳಿದಿತ್ತು. ಲಿಲ್ಲಿ ಪೂರ್ತಿ ಮಲಗಿಬಿಟ್ಟಿತ್ತು. ಎತ್ತಿ ನಿಲ್ಲಿಸಲು ಹೋದರೆ ಕೊಳೆತ ಬೇರಿನ ಸಮೇತ ಕೈಗೇ ಬಂತು!

ಮತ್ತೆ ಫೋನು. "ಏನಯ್ಯಾ, ಇಪ್ಪತ್ತು ಜಗ್ಗು ನೀರು ಬಿಟ್ಟೆ, ಸತ್ತೇ ಹೋಯ್ತಲ್ಲೋ!"

"ಅಯ್ಯೋ ಸಾರ್! ನೀರು ಬಿಡಿ ಅಂದ್ರೆ ನಿಲ್ಲಿಸಿ ಅಂತ!"

"ತೋಟಕ್ಕೆ ನೀರು ಬಿಡೋದು ಅಂದ್ರೆ ನಿಲ್ಲಿಸೋದೇನಯ್ಯಾ?"

"ಕುಡಿಯೋದು ಬಿಡಿ ಅಂತ ಡಾಕ್ಟ್ರು ಹೇಳಿದ್ರೆ ನೀವು ಬಾಟ್ಲು ಎತ್ತುತೀರಾ ಸಾರ್?"

ಗುಮಾಸ್ತನ ಮೈಯೆಲ್ಲ ಉರಿಯಿತು. ಫೋನು ಕುಕ್ಕಿ ತಿರುಗುವಷ್ಟರಲ್ಲಿ ಮೇಡಂ ಬಾಗಿಲಲ್ಲಿ ನಿಂತಿದ್ದರು. ಅವನ ಕೈಯಲ್ಲಿನ್ನೂ ಹೆಣದಂತೆ ಜೋತ ಲಿಲ್ಲಿ.

"ಸತ್ತುಹೋಯ್ತಾ?"

"ಮೇಡಂ, ಆ ನರ್ಸರಿಯವನು..."

"ಅಬ್ಬಾ!" ಮೇಡಂ ಬಾಗಿಲು ಮುಚ್ಚಿ ಕುರ್ಚಿಗೆ ಕುಸಿದು ನಕ್ಕರು. "ನಮ್ಮತ್ತೆ ಕೊಟ್ಟಿದ್ದು ಕಣ್ರೀ. ಎಸೆಯೋ ಹಾಗಿಲ್ಲ, ಯಾರಿಗೂ ಕೊಡೋ ಹಾಗಿಲ್ಲ. ದಿನಾ ಫೋನು, ಲಿಲ್ಲಿ ಹೇಗಿದೆ, ಲಿಲ್ಲಿ ಊಟ ಮಾಡ್ತಾ ಅಂತ. ಮೂರು ವರ್ಷದಿಂದ ನನ್ನ ಕೈಲಿ ಆಗದ್ದನ್ನ ಒಂದೇ ವಾರದಲ್ಲಿ ಮುಗಿಸಿದ್ದೀರಲ್ರೀ! ಏನು ಕೈಗುಣ!"

ಗುಮಾಸ್ತನ ಜೀವ ಮರಳಿ ಬಂತು. "ಹಾಗಾದ್ರೆ ಮೇಡಂ, ನನ್ನ ರಜೆ..."

"ರಜೆನಾ? ಇನ್ನೂ ನಾಲ್ಕು ಕುಂಡ ಕಳ್ಸಿದ್ದಾರೆ ಅತ್ತೆ. ಕಾರಲ್ಲಿವೆ."

"ಮೇಡಂ, ನಾನೇನು ಅದನ್ನ ಸಾಯಿಸ್ಲಿಲ್ಲ!" ಗುಮಾಸ್ತ ಕಿರುಚಿದ. "ಪ್ರಾಣ ಕೊಟ್ಟು ಸಾಕಿದ್ದು!"

"ಇವನ್ನೂ ಹಾಗೇ ಸಾಕಿ," ಎಂದು ಮೇಡಂ ಕಾರಿನ ಕೀಲಿ ಚಾಚಿದರು. "ನಾಲ್ಕೂ ಮುಗಿದ ದಿನ ಸೈನ್ ಹಾಕ್ತೀನಿ."