ಬೆನ್ನಿಗಿಟ್ಟ ಹೂವು

ಭಕ್ತಿ ಹೆಚ್ಚಾದರೆ ಕೆಡುಕೇನಿಲ್ಲವೆಂದು ನಂಬಿದ್ದವಳು ನಾನು. ಆ ನಂಬಿಕೆಯನ್ನು ಶಿರಸಿಯ ನಮ್ಮ ಮನೆಯ ಏಸಿ ಸ್ವಲ್ಪ ಅಲ್ಲಾಡಿಸಿತು.

ಏಸಿ ಇರುವುದು ಅತ್ತೆಯವರ ಕೋಣೆಯಲ್ಲಿ. ಮಧ್ಯಾಹ್ನ ಊಟವಾದ ಮೇಲೆ ಅವರು ಬಾಗಿಲು ಹಾಕಿಕೊಂಡು ತಂಪಿನಲ್ಲಿ ಮಲಗಿದರೆ ಎರಡು ತಾಸು ಅಡುಗೆಮನೆ ನನ್ನದು. ಹಾಲು ಉಕ್ಕಿದರೂ ಕೇಳುವವರಿಲ್ಲ. ಒಂದು ಲೋಟ ಚಹಾ ಹೆಚ್ಚಿಗೆ ಕುಡಿದರೂ ನೋಡುವವರಿಲ್ಲ. ದೇವರು ಕೊಟ್ಟ ಸಣ್ಣಪುಟ್ಟ ಸುಖಗಳನ್ನು ಬೆರಳು ಮಡಚಿ ಎಣಿಸುವಾಗ ನಾನು ಶುರುಮಾಡುವುದೇ ಈ ಎರಡು ತಾಸಿನಿಂದ.

ಹಾಗಾಗಿ ಆಯುಧಪೂಜೆಯ ದಿನ ಮಿಕ್ಸಿ, ಸ್ಕೂಟಿಗಳ ಜೊತೆ ಹಿತ್ತಿಲ ಗೋಡೆಗೆ ಕೂರಿಸಿದ ಏಸಿಯ ಹೊರಪೆಟ್ಟಿಗೆಗೂ ಕುಂಕುಮವಿಟ್ಟೆ. ಅದು ಓಡುತ್ತಿತ್ತು, ಮುಂದೆ ಇಟ್ಟ ಹೂವು ಬಿಸಿಗಾಳಿಗೆ ಹಾರಿಹೋಯಿತು. ಗೋಡೆಯ ಸಂದಿಯಲ್ಲಿ ಕೈ ತೂರಿಸಿ ಪೆಟ್ಟಿಗೆಯ ಬೆನ್ನಿಗಿಟ್ಟೆ ನೋಡಿ, ಗಪ್ಪನೆ ಎಳೆದು ಹಿಡಿದುಕೊಂಡಿತು! ದೇವಸ್ಥಾನದಲ್ಲಿ ದೇವರ ಮೇಲೆ ಹೂವಿಟ್ಟು ಪ್ರಸಾದ ಕೇಳಿದಾಗಲೂ ಇಷ್ಟು ಬೇಗ ಉತ್ತರ ಬಂದದ್ದಿಲ್ಲ. ಅಂದಿನಿಂದ ದಿನಾ ಏಸಿ ಶುರುವಾದೊಡನೆ ಅಲ್ಲಿಗೊಂದು ಸೇವಂತಿಗೆ. ಮುಂಭಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಕನ್ನಡಿ ಮಾಡಿದ್ದೆ. ಬೆನ್ನನ್ನೂ ನೋಡಬೇಕೆಂದು ಹೊಳೆಯಲೇ ಇಲ್ಲ.

ಬೇಸಿಗೆ ಏರುತ್ತಿದ್ದಂತೆ ಏಸಿಯ ತಂಪು ಹೋಯಿತು. ಅತ್ತೆ ಬೀಸಣಿಗೆ ಹಿಡಿದು ಬಂದು ಅಡುಗೆಮನೆಯಲ್ಲೇ ಮಣೆ ಹಾಕಿ ಕೂತರು. "ತಂಗಿ, ಅಷ್ಟು ಎಣ್ಣೆ ಎಂತಕ್ಕೆ?" "ಇದು ಎಷ್ಟನೇ ಚಾ?" ಎಂದು ನನ್ನ ವಿಚಾರಣೆ ಶುರು. ಮೂರು ದಿನ ತಡೆದುಕೊಂಡೆ. ನಾಲ್ಕನೆಯ ದಿನ ಗಣಪತಿಗೊಂದು ತೆಂಗಿನಕಾಯಿ ಹರಕೆ ಹೇಳಿಕೊಂಡು, ಬನವಾಸಿ ಕಡೆಯ ರಿಪೇರಿಯವನನ್ನು ಕರೆಸಿದೆ.

ಅವನು ಕರೆಂಟು ತೆಗೆಸಿ, ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದವನೇ ಕೂಗಿದ: "ಅಕ್ಕಾರ, ಏಸಿ ಇಟ್ಟೀರೋ, ಹೂವಿನ ಅಂಗಡಿ ಇಟ್ಟೀರೋ? ಇದು ಗಾಳಿ ಎಳಕೊಳ್ಳೋದ ಬೆನ್ನಿನಿಂದ್ರೀ. ಮೂಗಿನಾಗ ಹೂವು ತುರುಕಿದ್ರ ಹ್ಯಾಂಗ ಬದುಕತೈತಿ?"

ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜಿ ನೀರು ಬಿಟ್ಟಾಗ ಧೂಳಿನ ಜೊತೆ ಒಣಗಿದ ಸೇವಂತಿಗೆ ಉದುರಿತು. ನಾನು ತಲೆ ತಗ್ಗಿಸಿ ತಪ್ಪೊಪ್ಪಿಕೊಂಡೆ. ಆಮೇಲೆ ಮುಷ್ಟಿ ತುಂಬುವಷ್ಟು ತುಳಸಿಯೂ ಬಿತ್ತು. ತುಳಸಿ ನಾನಿಟ್ಟದ್ದಲ್ಲ. ತಿರುಗಿದರೆ, ಅತ್ತೆ ಬೀಸಣಿಗೆ ಬೀಸಿಕೊಳ್ಳುತ್ತ ಆಕಾಶ ನೋಡುತ್ತಿದ್ದರು.

"ಅತ್ತೆ, ನೀವೂ ಇಡ್ತಿದ್ರಾ?"

"ಇಡ್ದೆ ಎಂತ ಮಾಡದು? ಬಾಗ್ಲು ಹಾಕ್ಯಂಡ್ರೆ ಎರಡು ತಾಸು ನಿನ್ನ ವಟವಟ ಕೇಳ್ತಿಲ್ಲೆ. ಯಂಗೆ ಅದೇ ದೇವ್ರು ಕೊಟ್ಟ ಸುಖ."

ಅಂದು ಮಧ್ಯಾಹ್ನ ಕೋಣೆ ಮತ್ತೆ ತಣ್ಣಗಾಯಿತು. ಅತ್ತೆ ಒಳಗಿನಿಂದ ಚಿಲಕವನ್ನೂ ಹಾಕಿಕೊಂಡರು. ಅಡುಗೆಮನೆ ಪೂರ್ತಿ ನನ್ನದೇ. ನಾನು ನಿಜವಾಗಿಯೂ ಅಷ್ಟೆಲ್ಲ ಮಾತಾಡುತ್ತೇನೆಯೇ ಎಂದು ಕೇಳೋಣವೆಂದರೆ ಅಲ್ಲಿ ಒಬ್ಬರೂ ಇರಲಿಲ್ಲ.