ಲೋಟದಲ್ಲಿ ಆರಿಸಿಟ್ಟ ಸಾರು

ಸಿಗರೇಟು ಬಿಟ್ಟವರು ಹೇಳುವ ಕಥೆಗಳನ್ನು ನಾನು ಯಾವತ್ತೂ ನಂಬಿದವನಲ್ಲ. ಈಗ ನಾನೇ ಬಿಟ್ಟಿರುವುದರಿಂದ ಇನ್ನೂ ನಂಬುವುದಿಲ್ಲ. ಅವರೆಲ್ಲರ ಬಳಿಯೂ ಒಂದು ಕೊನೆಯ ಸಿಗರೇಟು ಇರುತ್ತದೆ. ಅದನ್ನು ಅವರು ಮಗಳ ಹುಟ್ಟುಹಬ್ಬದ ದಿನವೇ ಹಚ್ಚಿ, ಅರ್ಧಕ್ಕೇ ಹೊಸಕಿ, ಪ್ಯಾಕನ್ನು ಹಿಸುಕಿ ಎಸೆದು, ಹಿಂದಿರುಗಿ ನೋಡದೆ ಮನೆಗೆ ನಡೆದುಬಂದಿರುತ್ತಾರೆ. ನನ್ನ ಬಳಿ ಕೊನೆಯ ಸಿಗರೇಟು ಮೂರಿವೆ. ಒಂದನ್ನು ಸೇದಿದ್ದು ಕಡಕೊಳದಲ್ಲಿ, ನಾನು ಕೆಲಸ ಮಾಡುವ ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಎದುರಿನ ಟೀ ಅಂಗಡಿಯಲ್ಲಿ. ಇನ್ನೊಂದನ್ನು ಸೇದಿದ್ದು ನಜರ್‌ಬಾದಿನ ನಮ್ಮ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಮರೆಯಲ್ಲಿ. ಮೂರನೆಯದನ್ನು ಹೆಂಡತಿಗೆ ಹೇಳಿಲ್ಲವಾದ್ದರಿಂದ ಇಲ್ಲಿ ಬರೆಯುವ ಹಾಗಿಲ್ಲ. ಯಾವುದು ನಿಜವಾಗಿ ಕೊನೆಯದು ಎಂದು ಯಾರಾದರೂ ಕೇಳಿದರೆ, ಕೇಳಿದವರ ಮುಖ ನೋಡಿ ಉತ್ತರ ಹೇಳುತ್ತೇನೆ. ನೆನಪು ಎನ್ನುವುದು ನನ್ನ ತಲೆಯೊಳಗೆ ಕೂತ ಹೊಗಳುಭಟ್ಟ. ಅವನಿಗೆ ನಿಜ ಬೇಕಿಲ್ಲ, ನಾನು ಚೆನ್ನಾಗಿ ಕಂಡರೆ ಸಾಕು. ಮುಂದೆ ಹೇಳುವುದನ್ನೂ ಓದುಗರು ಅಷ್ಟರಮಟ್ಟಿಗೇ ನಂಬಬೇಕು.

ಬಿಡುವುದು ಕಷ್ಟ ಎಂದು ಲೋಕವೆಲ್ಲ ಹೆದರಿಸಿತ್ತು. ಬಿಟ್ಟ ಮೇಲೆ ತಿನ್ನುವುದು ಅದಕ್ಕಿಂತ ಕಷ್ಟ ಎಂದು ಒಬ್ಬರೂ ಹೇಳಲಿಲ್ಲ. "ಬಿಟ್ರೆ ಸಾಲ್ದು ಸಾರ್, ಇಷ್ಟು ವರ್ಷ ದಣಿದಿರೋ ದೇಹಕ್ಕೆ ಒಳ್ಳೇದು ಕೊಡ್ಬೇಕು" ಎಂದರು ಡಾಕ್ಟರು. ಹೇಳಿದ್ದು ನನಗೆ, ನೋಡಿದ್ದು ನನ್ನ ಹೆಂಡತಿ ಜಯಳನ್ನು. ಜಯ ಚೀಲದಿಂದ ಒಂದು ಕಾಗದ ತೆಗೆದಳು. ಅದು ನಮ್ಮ ಅಕ್ಕನ ಮಗಳ ಮದುವೆ ಕರೆಯೋಲೆಯ ಕರಡು. ಅದರ ಬೆನ್ನ ಮೇಲೆ ಡಾಕ್ಟರು ಹೇಳಿದ್ದನ್ನೆಲ್ಲ ಬರೆದುಕೊಂಡಳು. ಕ್ಯಾರೆಟ್, ಬೀಟ್‌ರೂಟ್, ಮೊಳಕೆ ಕಟ್ಟಿದ ಹೆಸರುಕಾಳು, ನೆಲ್ಲಿಕಾಯಿ, ಸೀಬೆಹಣ್ಣು, ನುಗ್ಗೆಸೊಪ್ಪು, ಅಗಸೆ ಬೀಜ. ಉಪ್ಪು ಕಡಿಮೆ, ಎಣ್ಣೆ ಕಡಿಮೆ. ಒಂದು ಬದಿಯಲ್ಲಿ ವಧೂವರರ ಹೆಸರು, ಇನ್ನೊಂದು ಬದಿಯಲ್ಲಿ ನನ್ನ ಶಿಕ್ಷೆ. ಆ ಕಾಗದ ಅಂದಿನಿಂದ ನಮ್ಮ ಫ್ರಿಜ್ಜಿನ ಮೇಲೆ ಅಂಟಿಕೊಂಡಿತು.

ಆರೋಗ್ಯಕರ ಆಹಾರದ ವಿಷಯದಲ್ಲಿ ನನಗೆ ಆಹಾರದ ಮೇಲೆ ಅಷ್ಟು ಸಿಟ್ಟಿಲ್ಲ. ಸಿಟ್ಟೇನಿದ್ದರೂ ಅದನ್ನು ತಿನ್ನಿಸುವವರ ಮುಖದ ಮೇಲೆ ಬರುವ ಆ ಕಳೆಯ ಮೇಲೆ. ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಬೆಳಗಿನ ವಾಕಿಂಗ್ ಮುಗಿಸಿ ಬರುವಾಗ ನನಗೆಂದು ಒಂದು ಬಾಟಲಿ ಬೂದುಗುಂಬಳದ ರಸ ಹಿಡಿದು ತರುತ್ತಾರೆ. "ಕುಡೀರಿ, ಶ್ವಾಸಕೋಶ ತೊಳೆದ ಹಾಗಾಗತ್ತೆ" ಎನ್ನುತ್ತಾರೆ. ಕುಡಿದದ್ದು ಹೊಟ್ಟೆಗೆ ಹೋಗುತ್ತದೆ, ಶ್ವಾಸಕೋಶಕ್ಕಲ್ಲ ಎಂದು ಒಂದು ದಿನ ಹೇಳಿದೆ. "ಎಲ್ಲಾ ಒಂದೇ ದೇಹ ಅಲ್ವೇನ್ರೀ?" ಎಂದು ನಕ್ಕರು. ಇವರು ಮಕ್ಕಳಿಗೆ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವರು. ಜೀವಮಾನದಲ್ಲಿ ಸಿಗರೇಟು ಮುಟ್ಟಿಲ್ಲ. ತಾವು ಹಿಡಿಯದ್ದನ್ನು ಬಿಡುವುದು ಹೇಗೆಂದು ನನಗೆ ಪಾಠ ಮಾಡುತ್ತಾರೆ.

ಕಾರ್ಖಾನೆಯಲ್ಲಿ ಇನ್ನೂ ಕಷ್ಟ. ಜಯ ಕ್ಯಾರೆಟ್ಟನ್ನು ಬೆರಳುದ್ದ ಸೀಳಿ, ಚಿಕ್ಕ ಡಬ್ಬಿಗೆ ಹಾಕಿ, ಸಿಗರೇಟು ಇರುತ್ತಿದ್ದ ಜೇಬಿಗೇ ಇಟ್ಟು ಕಳಿಸುತ್ತಿದ್ದಳು. ಟೀ ಅಂಗಡಿಯ ಮುಂದೆ ಎಲ್ಲರೂ ಹೊಗೆ ಬಿಡುವಾಗ ನಾನು ಕ್ಯಾರೆಟ್ ಕಡಿಯುತ್ತ ನಿಲ್ಲಬೇಕು. "ಏನ್ ಸಾರ್, ಹೊಸ ಬ್ರ್ಯಾಂಡಾ?" ಎಂದ ಒಬ್ಬ. "ಫಿಲ್ಟರ್ ಯಾವ ಕಡೆ ಬರುತ್ತೆ ಸಾರ್?" ಎಂದ ಇನ್ನೊಬ್ಬ. ಈ ಹಾಸ್ಯಕ್ಕೆ ನಗುವಷ್ಟು ದೊಡ್ಡ ಮನಸ್ಸನ್ನು ನುಗ್ಗೆಸೊಪ್ಪು ಕೊಡುವುದಿಲ್ಲ.

ಮೂರನೆಯ ವಾರವೋ ನಾಲ್ಕನೆಯ ವಾರವೋ, ನನ್ನ ನಾಲಿಗೆ ಎದ್ದಿತು. ಡಾಕ್ಟರು ಹೇಳಿದ್ದರು, ಹೊಗೆಯಿಂದ ಮರಗಟ್ಟಿದ ರುಚಿ ವಾಪಸು ಬರುತ್ತದೆ ಎಂದು. ನಾನದನ್ನು ಬೂದುಗುಂಬಳದ ಮಾತುಗಳ ಪೈಕಿ ಸೇರಿಸಿ ಮರೆತಿದ್ದೆ. ಆದರೆ ಒಂದು ಬೆಳಗ್ಗೆ ಬೇಯಿಸಿದ ಬೀಟ್‌ರೂಟ್ ಬಾಯಿಗಿಟ್ಟರೆ ಅದಕ್ಕೆ ಮಣ್ಣಿನ ರುಚಿ, ಸಿಹಿ, ಹಿಂದೆಯೇ ಒಂದು ಒಗರು, ಮೂರೂ ಬೇರೆ ಬೇರೆಯಾಗಿ ಬಂದವು. ಇಪ್ಪತ್ತೆರಡು ವರ್ಷ ಮಲಗಿದ್ದ ನಾಲಿಗೆ ಕಣ್ಣುಬಿಟ್ಟಾಗ ಅದರ ಮುಂದೆ ಇದ್ದದ್ದು ಬೀಟ್‌ರೂಟ್! ಜೈಲಿಂದ ಬಿಡುಗಡೆಯಾದವನನ್ನು ನೇರ ಕರೆದುಕೊಂಡು ಹೋಗಿ ಸರ್ಕಾರಿ ಕಚೇರಿಯ ಕ್ಯೂನಲ್ಲಿ ನಿಲ್ಲಿಸಿದ ಹಾಗೆ. ಆದರೂ, ಒಪ್ಪಿಕೊಳ್ಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ಯಾಕೆಂದರೆ ನಾಲಿಗೆ ಎನ್ನುವುದು ನನಗೆ ಸಾಮಾನ್ಯ ಅಂಗವಲ್ಲ. ನಮ್ಮ ನೆಂಟರಿಷ್ಟರಲ್ಲಿ ಅದು ನನ್ನ ಪದವಿ.

ವಿಷಯ ಏನೆಂದರೆ, ನಮ್ಮ ಮನೆತನದಲ್ಲಿ ಮದುವೆಯಾದ ಮೇಲೆ ಬೀಗರ ಊಟ ಹಾಕುವಾಗ, ಮಟನ್ ಸಾರು ಎಲೆಗೆ ಬೀಳುವ ಮೊದಲು ಮನೆಯ ಕಡೆಯವರೊಬ್ಬರು ರುಚಿ ನೋಡಿ ಸರಿ ಎನ್ನಬೇಕು. ಆ ಒಬ್ಬರು ನಾನು. ಯಾರು ನೇಮಿಸಿದರೋ ಗೊತ್ತಿಲ್ಲ. ನನ್ನ ನೆನಪಿನ ಪ್ರಕಾರ ಎಲ್ಲ ಶುರುವಾದದ್ದು ನಮ್ಮ ಚಿಕ್ಕಪ್ಪನ ಮಗನ ಬೀಗರ ಊಟದಲ್ಲಿ. ಕೆಸರೆಯ ಅಡಿಗೆ ಚೆನ್ನಪ್ಪ ಆ ಕಾಲದಿಂದಲೂ ನಮ್ಮ ಕಡೆಯ ಊಟಗಳಿಗೆಲ್ಲ ಸೌಟು ಹಿಡಿದವನು. ಅವತ್ತು ಅವನು ಅಂಗೈಗೆ ಬಿಟ್ಟ ಸಾರನ್ನು ನೆಕ್ಕಿ, "ಉಪ್ಪು, ಖಾರ ಎರಡೂ ಸಾಲ್ದು, ಇನ್ನೆರಡು ಹಿಡಿ ಹಾಕು" ಎಂದೆ. ಅವನು ಅನುಮಾನಿಸಿದ. ನಾನು ಗದರಿ ಹಾಕಿಸಿದೆ. ಊಟ ಎಂಥ ಜೋರಾಯಿತೆಂದರೆ ಕುಡಿಯುವ ನೀರಿನ ಡ್ರಮ್ಮುಗಳು ಎರಡನೆಯ ಪಂಕ್ತಿಗೇ ಬರಿದಾಗಿ ಟ್ಯಾಂಕರ್ ತರಿಸಬೇಕಾಯಿತು. ಜನ ಎಷ್ಟು ಊಟ ಮಾಡಿರಬೇಕು ನೋಡಿ! ಈ ಕಥೆಯನ್ನು ಆಮೇಲಿನ ಪ್ರತಿ ಮದುವೆಯಲ್ಲೂ ಹೇಳಿದ್ದೇನೆ. "ಏಪ್ರಿಲ್ ತಿಂಗಳ ಬಿಸಿಲು ಬೇರೆ" ಎಂದು ಸೇರಿಸುತ್ತಿದ್ದೆ. "ಡಿಸೆಂಬರ್ ಕಣ್ರೀ" ಎಂದು ಜಯ ಒಂದೆರಡು ಸಲ ಹೇಳಿದ್ದುಂಟು. ಕಥೆಗೆ ಬಿಸಿಲೇ ಒಪ್ಪುತ್ತಿದ್ದುದರಿಂದ ನಾನು ಬಿಸಿಲನ್ನೇ ಉಳಿಸಿಕೊಂಡೆ.

ಆ ಊಟದ ನಂತರ ಚೆನ್ನಪ್ಪ ನನಗೆ ಒಂದು ವಿಶೇಷ ಮರ್ಯಾದೆ ಶುರುಮಾಡಿದ. ಸೌಟಿನಿಂದ ಅಂಗೈಗೆ ಬಿಡುವುದನ್ನು ನಿಲ್ಲಿಸಿ, ನನಗೆಂದೇ ಒಂದು ಸ್ಟೀಲ್ ಲೋಟದಲ್ಲಿ ಸಾರನ್ನು ಆರಿಸಿಡುತ್ತಿದ್ದ. "ನೀವು ನಾಲ್ಗೆ ಸುಟ್ಕಂಬುಟ್ರೆ ನಮ್ಗತಿ ಏನು ಯಜಮಾನ್ರೇ?" ಎನ್ನುತ್ತಿದ್ದ. ನಾನು ಕುಡಿಯುತ್ತಿದ್ದೆ, ಕಣ್ಣು ಮುಚ್ಚುತ್ತಿದ್ದೆ, "ಸರಿಯಾಗಿದೆ, ಬಡಿಸು" ಎನ್ನುತ್ತಿದ್ದೆ. ಅಷ್ಟು ವರ್ಷ ಒಂದೇ ಒಂದು ಸಲವೂ ತಪ್ಪು ಸಿಗಲಿಲ್ಲ. ನನ್ನ ಭಯಕ್ಕೆ ಅವನ ಕೈ ಪಳಗಿದೆ ಎಂದುಕೊಂಡಿದ್ದೆ.

ಅಕ್ಕನ ಮಗಳ ಬೀಗರ ಊಟ ಬರುವ ಹೊತ್ತಿಗೆ ನಾನು ಸಿಗರೇಟು ಬಿಟ್ಟು ಏಳನೆಯ ವಾರ. ಮೊದಲನೆಯ ಲೆಕ್ಕದಲ್ಲಿ ಏಳು, ಮೂರನೆಯ ಲೆಕ್ಕದಲ್ಲಿ ಐದು. ಹೊಗೆ ಕುಡಿದ ನಾಲಿಗೆಯಲ್ಲೇ ಅಷ್ಟು ಹೆಸರು ಮಾಡಿದವನು ನಾನು, ಈಗ ನೆಲ್ಲಿಕಾಯಿ ತಿಂದು ಮಸೆದ ನಾಲಿಗೆ, ಇವತ್ತು ನೋಡಲಿ ಎಂದುಕೊಂಡು ಕೆಸರೆಯ ಛತ್ರದ ಹಿಂಬದಿಯ ಅಡಿಗೆಮನೆಗೆ ಕಾಲಿಟ್ಟೆ. ಮುಂದೆ ಎಲೆ ಹಾಕಿ ಆಗಿತ್ತು, ಬೀಗರು ಕೂತಾಗಿತ್ತು. ಕೊಪ್ಪರಿಗೆಯಲ್ಲಿ ನಾಲ್ಕುನೂರು ಜನರ ಸಾರು. ಅಕ್ಕನ ಗಂಡ, ನಮ್ಮ ಭಾವ, ಪಂಚೆ ಎತ್ತಿ ಕಟ್ಟಿಕೊಂಡು ಚಡಪಡಿಸುತ್ತಿದ್ದರು. "ಬೇಗ ನೋಡಯ್ಯ ಭಾಮೈದ, ಮುದ್ದೆ ಆರೋಗ್ತದೆ" ಎಂದರು.

"ಬನ್ನಿ ಯಜಮಾನ್ರೇ, ಆರ್ಸಿ ಮಡಗಿವ್ನಿ" ಎಂದು ಚೆನ್ನಪ್ಪ ಲೋಟ ಕೊಟ್ಟ. ನಾನು ಒಂದು ಗುಟುಕು ಕುಡಿದೆ.

ಅದು ಸಾರಲ್ಲ. ಮೆಣಸಿನಕಾಯಿ ಕದಡಿದ ಸಮುದ್ರ. ಕಣ್ಣಲ್ಲಿ ನೀರು ಬಂತು, ಕಿವಿ ಬಿಸಿಯಾಯಿತು. "ಏನಯ್ಯ ಚೆನ್ನಪ್ಪ, ಉಪ್ಪಿನ ಮೂಟೆ ಬಿಚ್ಚಿ ಸುರಿದ್ಯೇನಯ್ಯ? ನಾಲ್ಕುನೂರು ಜನರನ್ನ ಸಾಯಿಸ್ತೀಯಾ?" ಎಂದು ಕೂಗಿದೆ. ಚೆನ್ನಪ್ಪನ ಮುಖದಲ್ಲಿ ತಪ್ಪು ಮಾಡಿದವನ ಗಾಬರಿಯಿರಲಿಲ್ಲ. ಗೋಡೆಯ ಕ್ಯಾಲೆಂಡರು ಇದ್ದಕ್ಕಿದ್ದಂತೆ ಮಾತಾಡಿದ್ದನ್ನು ಕೇಳಿದವನ ಹಾಗೆ ನನ್ನನ್ನೇ ನೋಡುತ್ತ ನಿಂತ.

ಭಾವ ಮಾತ್ರ ನಿಲ್ಲಲಿಲ್ಲ. ನಮ್ಮ ಮನೆತನದಲ್ಲಿ ನಾನು ಹೇಳಿದ ಮೇಲೆ ಇನ್ನೊಬ್ಬರು ರುಚಿ ನೋಡುವ ಪದ್ಧತಿಯಿಲ್ಲ. "ಅಯ್ಯೋ, ಮಾನ ಹೋಯ್ತಲ್ಲೋ ಬೀಗರ ಮುಂದೆ!" ಎಂದವರೇ ಎರಡೂ ಕೈಯಲ್ಲಿ ನೀರು ತುಂಬಿದ ಬಕೆಟ್ಟು ಎತ್ತಿಕೊಂಡು ಕೊಪ್ಪರಿಗೆಯ ಕಡೆ ನುಗ್ಗಿದರು.

"ಬುಡಿ ಬುಡಿ! ನೀರು ಉಯ್ಬೇಡಿ!" ಎಂದು ಚೆನ್ನಪ್ಪ ಬಕೆಟ್ಟಿಗೆ ಜೋತುಬಿದ್ದ. "ಕೊಪ್ಪರಿಗೇಲಿ ಎಲ್ಲಾ ಸರ್ಯಾಗದೆ. ಲೋಟಕ್ಕೆ ಮಾತ್ರ ನಾನೇ ಬ್ಯಾರೆ ಉಪ್ಪು ಖಾರ ಕದಡಿವ್ನಿ."

"ಯಾಕೋ?" ಎಂದರು ಭಾವ.

ಚೆನ್ನಪ್ಪ ಸೌಟನ್ನು ನೋಡಿಕೊಂಡು ಹೇಳಿದ. "ಇವ್ರ ನಾಲ್ಗೆಗೆ ಹತ್ಲಿ ಅಂತ. ಅವತ್ತು ಇವ್ರ ಮಾತು ಕೇಳಿ ಎರಡಿಡಿ ಜಾಸ್ತಿ ಹಾಕ್ಬುಟ್ಟು, ಜನ ಊಟ ಬುಟ್ಟು ನೀರೇ ಕುಡ್ಕಂಡು ಎದ್ದೋದ್ರು. ಆ ಕಡೆ ಬೀಗ್ರು ನನ್ನ ಹೆಂಗ್ ಬೈದ್ರು ಅಂತೀರಿ! ಇವ್ರಿಗೆ ಸಾಲ್ದು ಅನ್ನಿಸ್ಬಾರ್ದು, ಜನಕ್ಕೆ ಜಾಸ್ತಿ ಆಗ್ಬಾರ್ದು. ಅದ್ಕೆ ಲೋಟ ಮಾಡ್ದೆ. ಇವ್ರು ಸಿಗ್ರೇಟು ಸೇದೋದು ಬುಟ್ಟವ್ರೆ ಅಂತ ನಂಗ್ಯಾರು ಹೇಳವ್ರೆ?"

"ಹಾಗಾದ್ರೆ ಇಷ್ಟು ವರ್ಷ ಸಾರಿನ ರುಚಿ ನೋಡ್ತಿದ್ದೋರು ಯಾರು?" ಎಂದು ಕೇಳಿದ ದನಿ ನನ್ನದೇ.

"ಅಕ್ಕಾವ್ರು" ಎಂದ ಚೆನ್ನಪ್ಪ. ಬಾಗಿಲಲ್ಲಿ ಎಲೆ ಅಡಿಕೆ ತಟ್ಟೆ ಹಿಡಿದು ಜಯ ನಿಂತಿದ್ದಳು. "ನಿಮಗೆ ಬೇಜಾರಾಗತ್ತೆ ಅಂತ ಹೇಳ್ಲಿಲ್ಲ ಕಣ್ರೀ" ಎಂದಳು. ಎಷ್ಟು ವರ್ಷದಿಂದ ಎಂದೆ. "ಆಗ ಚೆನ್ನಪ್ಪನ ಮೀಸೆ ಇನ್ನೂ ಕರ್ರಗಿತ್ತು" ಎಂದಳು. ಚೆನ್ನಪ್ಪ ಬಿಳಿ ಮೀಸೆಯ ಮೇಲೆ ಕೈಯಾಡಿಸಿಕೊಂಡ.

ಅಲ್ಲಿಂದ ಓಡಿಹೋಗಿ ಒಂದು ಸಿಗರೇಟು ಹಚ್ಚಬೇಕೆನಿಸಿತು. ಹಾಗೆ ಅನಿಸಿದ್ದು ಇಷ್ಟು ವಾರಗಳಲ್ಲಿ ಎಷ್ಟೋ ಸಲ. ಆದರೆ ಈ ಸಲದ್ದು ಬರಿಯ ಚಟವಲ್ಲ, ಅದರ ಹಿಂದೆ ಒಂದು ತರ್ಕವೂ ಇತ್ತು. ಸತ್ತ ನಾಲಿಗೆಯಿದ್ದಾಗ ನಾನು ಯಜಮಾನ, ನನಗೊಂದು ಲೋಟ, ನಾಲ್ಕುನೂರು ಜನ ನನ್ನ ಒಂದು ಮಾತಿಗೆ ಕಾಯುತ್ತಿದ್ದರು. ಏಳು ವಾರ ಬೀಟ್‌ರೂಟ್ ತಿಂದು ಅದನ್ನು ಬದುಕಿಸಿದ್ದಕ್ಕೆ ಸಿಕ್ಕಿದ್ದು ಇದು. ಡಾಕ್ಟರು ತಮ್ಮ ಪಟ್ಟಿಯಲ್ಲಿ ಇದನ್ನು ಬರೆಸಿರಲಿಲ್ಲ.

"ಆಗಿದ್ದಾಯ್ತು ಬುಡು" ಎಂದರು ಭಾವ, ಬಕೆಟ್ಟು ಇಳಿಸಿ. ಅವರು ಒಳ್ಳೆಯವರು, ಅದೇ ಕಷ್ಟ. "ಈಗಂತೂ ನಾಲ್ಗೆ ವಾಪಸ್ ಬಂದದಲ್ಲ. ನೀನೇ ನೋಡು, ಕೊಪ್ಪರಿಗೇದೇ ನೋಡು. ಚೆನ್ನಪ್ಪ, ಬುಡಯ್ಯ ಅವನ ಕೈಗೆ."

ಚೆನ್ನಪ್ಪ ಸೌಟು ಅದ್ದಿ ಅಂಗೈಗೆ ಎರಡು ತೊಟ್ಟು ಬಿಟ್ಟ. ನೆಕ್ಕಿದೆ. ಉಪ್ಪು ಎಲ್ಲಿರಬೇಕೋ ಅಲ್ಲಿತ್ತು. ಖಾರ ತಡವಾಗಿ ಬಂದು ಮೆಲ್ಲಗೆ ಹೋಯಿತು. ಕೊತ್ತಂಬರಿ, ಚಕ್ಕೆ, ಹುರಿದ ಕಾಯಿ, ಎಲುಬಿನ ಸಾರ ಒಂದರ ಹಿಂದೊಂದು ಬಂದವು. ಇಷ್ಟು ವರ್ಷ ಇವರೆಲ್ಲ ಇದನ್ನು ಉಣ್ಣುತ್ತಿದ್ದರೇ? ಅದಕ್ಕೆ ಸೇರಿಸಬೇಕಾದದ್ದು, ತೆಗೆಯಬೇಕಾದದ್ದು ಏನೂ ಇರಲಿಲ್ಲ. ಭಾವ, ಜಯ, ಚೆನ್ನಪ್ಪ ಮೂವರೂ ನನ್ನ ಬಾಯಿ ನೋಡುತ್ತಿದ್ದರು. ಚೆನ್ನಾಗಿದೆ ಎಂದರೆ ಮುಗಿಯಿತು, ಅದನ್ನು ಜಯ ಬೆಳಗ್ಗೆಯೇ ಹೇಳಿಯಾಗಿದೆ. ಹಾಗಾದರೆ ನಾನು ಇಲ್ಲಿ ಯಾತಕ್ಕೆ?

"ಒಂದು ಚೂರು ಉಪ್ಪು ಬೇಕು" ಎಂದೆ.

ಚೆನ್ನಪ್ಪ ಜಯಳ ಕಡೆ ನೋಡಿದ. ಜಯ ಕಣ್ಣಲ್ಲೇ ಹೂಂ ಎಂದಳು. ಅವನು ಉಪ್ಪಿನ ಡಬ್ಬಕ್ಕೆ ಕೈಹಾಕಿ, ಮುಷ್ಟಿ ಕಟ್ಟಿ, ಕೊಪ್ಪರಿಗೆಯ ಮೇಲೆ ಒಂದು ಸುತ್ತು ಆಡಿಸಿದ. ಹಬೆಯ ನಡುವೆಯೂ ನನಗೆ ಚೆನ್ನಾಗಿ ಕಂಡಿತು. ಬೆರಳು ಬಿಚ್ಚಿದಾಗ ಒಂದು ಹರಳೂ ಬೀಳಲಿಲ್ಲ. ಗಂಭೀರವಾಗಿ ಎರಡು ಸಲ ಕಲಕಿ, ಮತ್ತೆ ಅಂಗೈಗೆ ಬಿಟ್ಟ. ನಾನು ನೆಕ್ಕಿ, ಕಣ್ಣು ಮುಚ್ಚಿ, ಹಳೆಯ ಅಭ್ಯಾಸದಂತೆ ಸ್ವಲ್ಪ ಹೊತ್ತು ಯೋಚಿಸಿ, "ಹಾಂ, ಈಗ ಸರಿಹೋಯ್ತು, ಬಡಿಸು" ಎಂದೆ.

ಊಟ ಜೋರಾಗಿಯೇ ಆಯಿತು. ನೀರಿನ ಡ್ರಮ್ಮಿನಲ್ಲಿ ಸಂಜೆಯವರೆಗೂ ನೀರಿತ್ತು. ಕೈತೊಳೆದು ಛತ್ರದ ಹಿಂಬದಿಯ ಗೋಡೆಯ ಹತ್ತಿರ ಹೋದರೆ ಬೀಗರ ಕಡೆಯ ನಾಲ್ಕು ಜನ ಹೊಗೆ ಬಿಡುತ್ತ ನಿಂತಿದ್ದರು. ಒಬ್ಬರು ಪ್ಯಾಕನ್ನು ನನ್ನ ಮುಂದೆ ಹಿಡಿದರು. ನನ್ನ ಕೈ ಅರ್ಧ ದೂರ ಹೋಗಿ, ನಿಂತು, ಜೇಬಿಗೆ ಹೋಗಿ, ಕ್ಯಾರೆಟ್ ಡಬ್ಬಿಯನ್ನು ತೆಗೆಯಿತು. ಇದರಲ್ಲಿ ಮನೋಬಲವೇನೂ ಇಲ್ಲ. ಬಾಯಲ್ಲಿ ಇನ್ನೂ ಸಾರಿನ ರುಚಿಯಿತ್ತು, ಅಷ್ಟೇ. "ಊಟ ಭಾರೀ ಚೆನ್ನಾಗಿತ್ತು ಕಣ್ರೀ" ಎಂದರು ಅವರು, "ಸಾರಂತೂ, ಉಪ್ಪು ಖಾರ ಅಳೆದು ಹಾಕ್ದಂಗಿತ್ತು."

ನಾನು ಕ್ಯಾರೆಟ್ ಕಡಿದೆ.

"ಮೊದಲು ಉಪ್ಪು ಒಂದು ಚೂರು ಕಮ್ಮಿಯಿತ್ತು" ಎಂದೆ. "ನಾನೇ ಹೇಳಿ ಹಾಕಿಸಿದೆ."