ಭಾವನವರ ತಿಂಡಿ ಸಂಶೋಧನೆ

ನಮ್ಮ ಭಾವನವರಿಗೆ ತುಮಕೂರಿನ ಸುತ್ತಮುತ್ತ ಯಾವ ಹೋಟೆಲಿನಲ್ಲೂ ಎರಡನೇ ಸಲ ಮರ್ಯಾದೆ ಸಿಗುವುದಿಲ್ಲ. ಮೊದಲನೇ ಸಲ ಸಿಗುತ್ತದೆ. ಪಾಪ, ಹೋಟೆಲಿನವರಿಗೇನು ಗೊತ್ತಿರುತ್ತದೆ? ಇಸ್ತ್ರಿ ಮಾಡಿದ ಬಿಳಿ ಷರಟು, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲೊಂದು ಹಾಟ್‌ಬಾಕ್ಸು. ಯಾರೋ ದೊಡ್ಡ ಮನುಷ್ಯರು ಬಂದರು ಅಂತ ಫ್ಯಾನಿನ ಕೆಳಗಿನ ಟೇಬಲ್ಲನ್ನೇ ಒರೆಸಿ ಕೊಡುತ್ತಾರೆ. ಅರ್ಧ ಗಂಟೆ ಕಳೆಯುವುದರೊಳಗೆ ಅವರೇ ನನ್ನನ್ನು ಪಕ್ಕಕ್ಕೆ ಕರೆದು, ಸಾರ್, ನೀವಾದರೂ ಇವರಿಗೆ ಸ್ವಲ್ಪ ಹೇಳಿ ಎಂದು ಕೈ ಮುಗಿಯುತ್ತಾರೆ. ನಾನು ಹೇಳುವುದಾ? ಭಾವ ನನ್ನ ಮಾತು ಕೇಳುವ ಹಾಗಿದ್ದಿದ್ದರೆ ಈ ಹೊತ್ತಿಗೆ ನನ್ನ ಪ್ಯಾಂಟುಗಳು ನನಗೇ ಆಗುತ್ತಿದ್ದವು!

ಭಾವ ಅಂದರೆ ನಮ್ಮಕ್ಕನ ಗಂಡ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ರಿಟೈರ್ ಆದವರು. ಹೋಟೆಲು ಅಂದರೆ ಈ ಮನುಷ್ಯನಿಗೆ ಆಗುತ್ತಿರಲಿಲ್ಲ. ಯಾರ ಕೈಯೋ, ಯಾವ ನೀರೋ, ಯಾವತ್ತಿನ ಎಣ್ಣೆಯೋ ಎಂದು ರಾಗ ತೆಗೆಯುತ್ತಿದ್ದರು. ಮದುವೆ ಮನೆಗಳಿಗೂ ಅಕ್ಕನ ಕೈಲಿ ಮೊಸರವಲಕ್ಕಿ ಕಟ್ಟಿಸಿಕೊಂಡು ಹೋಗಿ, ಪಂಕ್ತಿಯಲ್ಲಿ ಕೂತು ಡಬ್ಬಿ ಬಿಚ್ಚಿದವರು. ಹೆಣ್ಣಿನ ಕಡೆಯವರ ಮುಖ ನೋಡಲಾಗದೆ ನಾನು ಎಷ್ಟು ಸಲ ಎಲೆ ನೋಡಿಕೊಂಡೇ ಊಟ ಮುಗಿಸಿದ್ದೇನೋ! ಅಂಥವರು ಈಗ ನಾಲ್ಕು ತಿಂಗಳಿಂದ ಗುಬ್ಬಿ, ಕುಣಿಗಲ್ಲು, ಹಿರೇಹಳ್ಳಿ ಅಂತ ಊರೂರಿನ ತಿಂಡಿ ಹುಡುಕಿಕೊಂಡು ಅಲೆಯುತ್ತಿದ್ದಾರೆ. ಅದೂ ನನ್ನ ಕಾರಿನಲ್ಲಿ, ನನ್ನ ಹೊಟ್ಟೆಯ ಮೇಲೆ.

ಕಾರಣ ಅಕ್ಕ. ಅವಳಿಗೊಂದು ಜ್ವರ ಬಂತು. ಜ್ವರ ವಾರಕ್ಕೇ ಬಿಟ್ಟಿತು, ಹೋಗುವಾಗ ಬಾಯಿರುಚಿಯನ್ನೂ ಮೂಗಿನ ವಾಸನೆಯನ್ನೂ ತೆಗೆದುಕೊಂಡು ಹೋಯಿತು. ಹುಳಿಸಾರು ಕೊಟ್ಟರೂ ಮಣ್ಣು, ಹೋಳಿಗೆ ಕೊಟ್ಟರೂ ಮಣ್ಣು. ಡಾಕ್ಟರು, ನಿಧಾನಕ್ಕೆ ಬರುತ್ತೆ, ಇಂಥ ದಿನ ಅಂತ ಹೇಳಕ್ಕಾಗಲ್ಲ, ಆದರೆ ಊಟ ಮಾತ್ರ ಬಿಡಬಾರದು ಅಂದರು. ಅವಳು ಬಿಟ್ಟಿದ್ದೇ ಊಟವನ್ನು. ಎರಡು ತುತ್ತು ಮಜ್ಜಿಗೆ ಅನ್ನ ತಿಂದು ತಟ್ಟೆ ಸರಿಸುತ್ತಿದ್ದಳು. ಕೈ ಎತ್ತಿದರೆ ಬಳೆಗಳು ಮೊಣಕೈತನಕ ಜಾರುತ್ತಿದ್ದವು. ನನಗೂ ಒಳಗೊಳಗೇ ಭಯವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಭಾವನವರು ಭಯ ಪಡುವ ಜಾತಿಯಲ್ಲ, ಪ್ರಯೋಗ ಮಾಡುವ ಜಾತಿ. ಮನೆಯ ರುಚಿ ನಾಲಿಗೆಗೆ ಹಳೆಯದಾಗಿದೆ, ಹೊಸದೊಂದು ಬಿದ್ದರೆ ನಾಲಿಗೆ ಎದ್ದು ಕೂರುತ್ತೆ ಅಂತ ತಾವೇ ಒಂದು ಸಿದ್ಧಾಂತ ಕಟ್ಟಿದರು. ಪ್ರಯೋಗಕ್ಕೆ ಒಂದು ಕಪ್ಪೆ ಬೇಕಲ್ಲ, ಬಿ.ಎಚ್. ರಸ್ತೆಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟುಕೊಂಡು ನನ್ನ ಪಾಡಿಗೆ ಬಲ್ಬು ಮಾರುತ್ತಿದ್ದ ನಾನು ಸಿಕ್ಕಿದೆ. ಅವರ ಲ್ಯಾಬಿನ ಕಪ್ಪೆಗಳಿಗಾದರೂ ಮೊದಲು ಕ್ಲೋರೋಫಾರಂ ಕೊಡುತ್ತಿದ್ದರು. ನನಗೆ ಅದೂ ಇಲ್ಲ.

ಮೊದಲ ಪ್ರಯೋಗ ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಬೆಳಿಗ್ಗೆ ಏಳಕ್ಕೇ ನನ್ನನ್ನು ಎಬ್ಬಿಸಿಕೊಂಡು ಹೋದರು. ತಾವು ತಿನ್ನಲಿಲ್ಲ, ಎದುರಿಗೆ ಕೂತು ನನ್ನ ಬಾಯನ್ನೇ ನೋಡತೊಡಗಿದರು. ನಾಲ್ಕು ಜನರ ನಡುವೆ ಹಾಗೆ ಯಾರಾದರೂ ನೋಡುತ್ತಿದ್ದರೆ ಗಂಟಲಲ್ಲಿ ಇಳಿಯುತ್ತದೆಯೇ? ಹೇಗಿದೆ ಅಂದರು. ಚೆನ್ನಾಗಿದೆ ಅಂದೆ.

"ಚೆನ್ನಾಗಿದೆ ಅನ್ನೋದು ಉತ್ತರ ಅಲ್ಲ ಕಣಯ್ಯ. ಕಾರಣ ಕೊಡು."

ಇಡ್ಲಿಗೆ ಏನು ಕಾರಣ ಕೊಡುವುದು? ಮೆತ್ತಗಿದೆ ಅಂದೆ. ಎಷ್ಟು ಮೆತ್ತಗೆ ಅಂದರು. ಮೇಲಿನ ಬೆಣ್ಣೆ ಕರಗುವ ಮೊದಲು ಹೇಗಿತ್ತು, ಕರಗಿದ ಮೇಲೆ ಹೇಗಿದೆ ಅಂದರು. ಪಕ್ಕದಲ್ಲಿದ್ದ ಕಾಲೇಜಿನ ಹುಡುಗಿಯರು ಮುಖ ಮುಚ್ಚಿಕೊಂಡು ನಗುತ್ತಿದ್ದರು. ಆಮೇಲೆ ಸೀದಾ ಅಡುಗೆಮನೆಗೆ ನುಗ್ಗಿ, ಉದ್ದಿನಬೇಳೆ ಎಷ್ಟು ಹೊತ್ತು ನೆನೆಹಾಕುತ್ತೀರಿ ಎಂದು ಮಾಲೀಕನನ್ನು ವಿಚಾರಣೆಗೆ ನಿಲ್ಲಿಸಿಕೊಂಡರು. ಅವನು ಇವರು ಎದುರಿಗೇ ಹೋಟೆಲು ಇಡುವವರೆಂದು ತಿಳಿದು ಬಾಯಿಗೆ ಬೀಗ ಹಾಕಿಕೊಂಡ.

ಪಾರ್ಸಲ್ ಕಟ್ಟುವುದು ಇನ್ನೊಂದು ಯಜ್ಞ. ಪ್ಲಾಸ್ಟಿಕ್ ಕೂಡದು. ಬಾಳೆಲೆಯಲ್ಲಿ ಸುತ್ತಿ, ಟವೆಲಿನಲ್ಲಿ ಸುತ್ತಿ, ಹಾಟ್‌ಬಾಕ್ಸಿನಲ್ಲಿಟ್ಟು, ಅದನ್ನು ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡರು. ಮನೆಗೆ ಬಂದು ತೆಗೆದರೆ ಇಡ್ಲಿ ಬೆವೆತು ಬೆವೆತು ಒದ್ದೆ ಬಟ್ಟೆಯಾಗಿತ್ತು. ಅಕ್ಕ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಚೆನ್ನಾಗೇ ಇರಬೇಕು ಬಿಡಿ ಎಂದು ತಟ್ಟೆ ಸರಿಸಿದಳು. ಭಾವ ನನ್ನ ಕಡೆ ತಿರುಗಿ, ನೀನು ರೋಡ್ ಹಂಪಿನ ಮೇಲೆ ಜೋರಾಗಿ ಓಡಿಸಿದೆ, ಅದಕ್ಕೇ ಹೀಗಾಯಿತು ಅಂದರು. ನೋಡಿ, ಇಡ್ಲಿ ಬೆವೆತಿದ್ದಕ್ಕೂ ನಾನೇ ಕಾರಣ!

ಗುಬ್ಬಿಯ ಕಥೆ ನೆನೆಸಿಕೊಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅಷ್ಟರಲ್ಲಿ ಅವರ ಸಿದ್ಧಾಂತ ಬದಲಾಗಿತ್ತು. ತಪ್ಪು ತಿಂಡಿಯದ್ದಲ್ಲ, ಪಾರ್ಸಲಿನದ್ದು. ಆದ್ದರಿಂದ ದೋಸೆ ತರುವುದಲ್ಲ, ದೋಸೆಯ ಹಿಟ್ಟನ್ನೇ ತರುವುದು! ಗುಬ್ಬಿಯ ಸಂತೆ ಬೀದಿಯ ಒಂದು ಪುಟ್ಟ ಹೋಟೆಲಿನ ಖಾಲಿ ದೋಸೆ ನನ್ನ ನಾಲಿಗೆಯಲ್ಲಿ ಪಾಸಾಗಿತ್ತು. ಹೋಟೆಲಿನವನು ಹಿಟ್ಟು ಕೊಡಲ್ಲ ಅಂದ. ಭಾವನವರು ಅವನಿಗೆ ಮುಕ್ಕಾಲು ಗಂಟೆ ಪಾಠ ಮಾಡಿದರು. ಗಿರಾಕಿಗಳು ಕಾಯುತ್ತಿದ್ದರು, ಕಾವಲಿ ಸೀಯುತ್ತಿತ್ತು. ಕೊನೆಗೆ ಅವನು, ತಗೊಂಡು ಹೋಗಿ ಸ್ವಾಮಿ, ಇನ್ನೊಂದು ಸಲ ಮಾತ್ರ ಬರಬೇಡಿ ಎಂದು ದೊಡ್ಡ ಸ್ಟೀಲ್ ಡಬ್ಬದ ತುಂಬ ಸುರಿದುಕೊಟ್ಟ.

ತುಂಬ ಅಂದರೆ ಕಂಠಪೂರ್ತಿ. ಮುಚ್ಚಳವನ್ನು ಭಾವನವರೇ ಮಂಡಿ ಊರಿ ಒತ್ತಿದರು. ಏಪ್ರಿಲ್ ತಿಂಗಳ ನಡುಮಧ್ಯಾಹ್ನ, ಡಬ್ಬ ನನ್ನ ಕಾರಿನ ಡಿಕ್ಕಿಯಲ್ಲಿ. ಸುಮ್ಮನೆ ಮನೆಗೆ ಬರಬಹುದಿತ್ತಲ್ಲ? ದಾರಿಯಲ್ಲೊಂದು ಮೆಣಸಿನಕಾಯಿ ಬಜ್ಜಿ ಗಾಡಿ ಕಂಡಿತು. ಕಾರು ನಿಲ್ಲಿಸಲು ಹೇಳಿ, ಗಾಡಿಯವನ ಎಣ್ಣೆಯ ಬಣ್ಣ ನೋಡಿ, ನನಗೆ ಆರು ಬಜ್ಜಿ ತಿನ್ನಿಸಿ, ಒಂದೊಂದಕ್ಕೂ ಕಾರಣ ಕೇಳುತ್ತ ಅಲ್ಲೇ ಒಂದೂವರೆ ಗಂಟೆ. ಕಾರು ಬಿಸಿಲಿನಲ್ಲಿ. ನಾನು ಆರನೇ ಬಜ್ಜಿಗೆ ಕಾರಣ ಹುಡುಕುತ್ತಿದ್ದಾಗ ಡಿಕ್ಕಿಯೊಳಗಿನಿಂದ ಢಬ್ ಅಂತ ಸದ್ದು ಬಂತು.

ಓಡಿ ಹೋಗಿ ತೆಗೆದೆ. ಮುಚ್ಚಳ ಒಂದು ಕಡೆ, ಡಬ್ಬ ಒಂದು ಕಡೆ. ಹಿಟ್ಟು ಸ್ಟೆಪ್ನಿಯ ಗುಂಡಿಯೊಳಗೆ ಇಳಿದು, ಜಾಕನ್ನು ಮುಳುಗಿಸಿ, ಇನ್ನೂ ಉಬ್ಬುತ್ತಲೇ ಇತ್ತು! ಹುದುಗು ಬಂದರೆ ಅನಿಲ ಹುಟ್ಟುತ್ತದೆ ಎಂದು ಮೂವತ್ತು ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ ಮೇಷ್ಟ್ರು ಇವರು. ಈಗ ನನ್ನ ಪಕ್ಕದಲ್ಲಿ ನಿಂತು, ಸ್ವಲ್ಪವೂ ನಾಚಿಕೆಯಿಲ್ಲದೆ, ಬಹಳ ಸಂತೋಷದಿಂದ ಹೇಳಿದರು:

"ನೋಡಿದ್ಯಾ. ಕಾರ್ಬನ್ ಡೈಆಕ್ಸೈಡು."

ಕಾರನ್ನು ನಾಲ್ಕು ಸಲ ತೊಳೆಸಿದೆ. ಹುಳಿ ವಾಸನೆ ಹೋಗಲಿಲ್ಲ. ನನ್ನ ಹೆಂಡತಿ, ಆ ಕಾರಿನಲ್ಲಿ ಕೂರುವುದಕ್ಕಿಂತ ಸಿಟಿ ಬಸ್ಸಿನಲ್ಲಿ ನಿಲ್ಲುತ್ತೇನೆ ಎಂದಳು, ಈಗಲೂ ಹಾಗೇ ಮಾಡುತ್ತಿದ್ದಾಳೆ. ಹಿರೇಹಳ್ಳಿಯ ಫ್ಯಾಕ್ಟರಿ ಗೇಟಿನ ಚಿತ್ರಾನ್ನ, ದೇವರಾಯನದುರ್ಗದ ದಾರಿಯ ಪುಳಿಯೋಗರೆ ಇವೆಲ್ಲದರ ಪಾಡು ಹೇಳುತ್ತ ಕೂತರೆ ನನಗೆ ಬಿಪಿ ಏರುತ್ತದೆ. ಅದು ಆಗಲೇ ಏರಿದೆ. ಅಕ್ಕ ಸೊರಗುತ್ತಿದ್ದಳು, ನಾನು ಊದುತ್ತಿದ್ದೆ, ಭಾವ ಹಾಟ್‌ಬಾಕ್ಸ್ ತೊಳೆಯುತ್ತಿದ್ದರು. ಇಷ್ಟೇ ನಾಲ್ಕು ತಿಂಗಳ ಫಲಿತಾಂಶ.

ಹೋದ ವಾರ ಕುಣಿಗಲ್ಲಿಗೆ ಹೋದೆವು. ಬಸ್ ಸ್ಟ್ಯಾಂಡಿನ ಹಿಂದೆ ಶೀಟು ಹೊದಿಸಿದ ಒಂದು ಅಂಗಡಿ. ಒಬ್ಬ ಹೆಂಗಸು ರಾಗಿ ರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿಯ ಜೊತೆ ಕೊಡುತ್ತಿದ್ದರು. ಒಂದು ತುತ್ತು ತಿಂದೆ. ಆವತ್ತು ಕಾರಣ ಕೇಳಬೇಕಾಗಿ ಬರಲಿಲ್ಲ, ನಾನೇ ಎರಡನೇ ರೊಟ್ಟಿಗೆ ಕೈ ಚಾಚಿದೆ. ಭಾವನವರು ಎದ್ದು ನಿಂತು, ಆರು ರೊಟ್ಟಿ ಪಾರ್ಸಲ್ ಎಂದು ಹಾಟ್‌ಬಾಕ್ಸ್ ಮುಂದೆ ಹಿಡಿದರು.

"ಪಾರ್ಸಲ್ ಕೊಡಕ್ಕಿಲ್ಲ ಸ್ವಾಮಿ. ಆರಿದ್ರೆ ತೊಗಲಾಯ್ತದೆ. ತಿನ್ನೋರ್ನೇ ಕರ್ಕಂಡ್ ಬನ್ನಿ" ಅಂದರು ಆ ಹೆಂಗಸು, ಕಾವಲಿಯಿಂದ ಕಣ್ಣು ತೆಗೆಯದೆ.

ಭಾವನವರು ಪಾಠಕ್ಕೆ ಶುರುವಿಟ್ಟರು. ಆಕೆ ತಿರುಗಿಯೂ ನೋಡಲಿಲ್ಲ. ಮೊದಲ ಸಲ ಅವರು ಸೋತು ಖಾಲಿ ಡಬ್ಬಿಯೊಂದಿಗೆ ಕಾರು ಹತ್ತಿದರು. ಹತ್ತಿದವರು ಸುಮ್ಮನಿರಬಾರದೇ? ಎಂಥ ಮೊಂಡು ಹೆಂಗಸಯ್ಯ ಎಂದು ಗೊಣಗಿದರು. ನನ್ನ ತಾಳ್ಮೆ ಅಲ್ಲಿಗೆ ಕಿತ್ತುಹೋಯಿತು.

"ಭಾವ, ಆಕೆ ಹೇಳಿದ್ರಲ್ಲಿ ಏನ್ ತಪ್ಪಿದೆ? ಮದ್ವೆ ಆಗಿ ಮೂವತ್ತೆರಡು ವರ್ಷ ಆಯ್ತು. ಅಕ್ಕನ್ನ ಒಂದ್ಸಲ ಹೋಟ್ಲಿಗೆ ಕರ್ಕೊಂಡ್ ಹೋಗಿದೀರಾ?"

ಭಾವನವರು ಖಾಲಿ ಹಾಟ್‌ಬಾಕ್ಸಿನ ಮುಚ್ಚಳ ತೆಗೆದು, ಮತ್ತೆ ಮುಚ್ಚಿದರು. ಆಮೇಲೆ, ಕಿಟಕಿಯಾಚೆ ನೋಡುತ್ತ, "ಬರ್ತೀನಿ ಅಂತ ಅವಳು ಯಾವತ್ತೂ ಹೇಳ್ಲಿಲ್ಲ ಕಣಯ್ಯ" ಅಂದರು.

"ನೀವು ಕರೆದಿದ್ರಾ?"

ಇಡೀ ಜಿಲ್ಲೆಯ ಒಲೆಗಳನ್ನು ಬಗ್ಗಿ ನೋಡಿ ಬಂದ ಈ ವಿಜ್ಞಾನಿಗೆ, ತಿನ್ನಬೇಕಾದವಳನ್ನೇ ಕರೆದುಕೊಂಡು ಹೋಗೋಣ ಅಂತ ನಾಲ್ಕು ತಿಂಗಳಲ್ಲಿ ಒಂದು ದಿನವೂ ಹೊಳೆದಿರಲಿಲ್ಲ! ನನಗೆ ಹೊಳೆದಿತ್ತೇ ಅಂತ ನೀವು ಕೇಳಬಹುದು. ಕೇಳಬೇಡಿ.

ಮಾರನೇ ದಿನ ಬೆಳಿಗ್ಗೆ ಹೋದಾಗ ಅಕ್ಕ ಮೈಸೂರು ಸಿಲ್ಕ್ ಉಟ್ಟು, ಹೂ ಮುಡಿದು ಜಗುಲಿಯಲ್ಲಿ ನಿಂತಿದ್ದಳು. ಹೋಟ್ಲಿಗೆ ಇದು ಜಾಸ್ತಿ ಆಯ್ತೇನೋ ಅಂತ ಮೆಲ್ಲಗೆ ಕೇಳಿದಳು. ಇಲ್ಲ ಕಣಕ್ಕ, ಸರಿಯಾಗಿದೆ ಅಂದೆ. ತಿಂಗಳುಗಳ ನಂತರ ನನ್ನ ಕಾರಿನಲ್ಲಿ ಮೂಗು ಮುಚ್ಚಿಕೊಳ್ಳದೆ ಕೂತವಳು ಅವಳೊಬ್ಬಳೇ.

ಆ ಅಂಗಡಿಯಲ್ಲಿ ಅವಳಿಗೆ ಕೂರುವುದಕ್ಕೇ ಬರಲಿಲ್ಲ. ತಟ್ಟೆ ಬಂದ ಕೂಡಲೇ ಎದ್ದು ನಮ್ಮಿಬ್ಬರ ಮುಂದೆ ಇಟ್ಟಳು. ನೀರಿಗೆ ಎದ್ದಳು, ಚಟ್ನಿಗೆ ಎದ್ದಳು. ಕೊನೆಗೆ ಅಂಗಡಿಯವರೇ, "ಕೂತ್ಕಳವ್ವ, ನಾನ್ ತತ್ತೀನಿ" ಎಂದು ಗದರಿದ ಮೇಲೆ ಕೂತಳು. ಹೊಗೆಯಾಡುವ ರೊಟ್ಟಿ ಅವಳ ಮುಂದೆ ಬಂತು. ಅವಳು ಮುರಿದಳು, ಚಟ್ನಿ ಸವರಿದಳು, ಬಾಯಿಗಿಟ್ಟಳು. ನಾವಿಬ್ಬರೂ ಅವಳ ಮುಖ ನೋಡುತ್ತಿದ್ದೆವು.

"ಏನಾದ್ರೂ ಗೊತ್ತಾಯ್ತಾ?" ಭಾವನವರು ಕೇಳಿದರು.

"ಇಲ್ಲ ಕಣ್ರೀ. ಉಪ್ಪೂ ಗೊತ್ತಾಗ್ತಿಲ್ಲ, ಹುಳೀನೂ ಗೊತ್ತಾಗ್ತಿಲ್ಲ."

ಭಾವನವರ ಮುಖ ಇಳಿದುಹೋಯಿತು. ಅಷ್ಟು ದೊಡ್ಡ ದನಿಯ ಮನುಷ್ಯ ಬೆಂಚಿನ ಮೇಲೆ ಚಿಕ್ಕವರಾಗಿ ಕೂತರು. ಅಕ್ಕ ಮಾತ್ರ ಕೈ ನಿಲ್ಲಿಸಿರಲಿಲ್ಲ. ಇನ್ನೊಂದು ತುತ್ತು, ಮತ್ತೊಂದು ತುತ್ತು. ತಟ್ಟೆ ಖಾಲಿಯಾಗುವ ಹೊತ್ತಿಗೆ ತಲೆ ಎತ್ತದೆ ಹೇಳಿದಳು:

"ಬಿಸಿ ಇದೆ ಕಣ್ರೀ. ಎಲ್ರಿಗೂ ಹಾಕಿ ಮುಗ್ಸೋಷ್ಟರಲ್ಲಿ ನಂಗೆ ಯಾವತ್ತೂ ಆರಿರ್ತಿತ್ತು. ಇನ್ನೊಂದು ಹೇಳ್ರೀ."

ಭಾವನವರು ಹೇಳಲಿಲ್ಲ. ಎದ್ದು, ಅವಳ ತಟ್ಟೆಯನ್ನು ತಾವೇ ಎತ್ತಿಕೊಂಡು ಒಲೆಯ ಹತ್ತಿರ ಹೋಗಿ ನಿಂತರು. ಹಿಟ್ಟು ಎಷ್ಟು, ನೀರು ಎಷ್ಟು ಅಂತ ಏನೂ ಕೇಳಲಿಲ್ಲ. ರೊಟ್ಟಿ ಕಾವಲಿಯಿಂದ ಎದ್ದಿದ್ದೇ ತಡ, ಎಂಟು ಹೆಜ್ಜೆಯ ದೂರವನ್ನು ಓಡಿಕೊಂಡೇ ಬಂದು, ತಟ್ಟೆಯನ್ನು ಅವಳ ಮುಂದಿಟ್ಟರು. ಅವರು ಅಕ್ಕನಿಗೆ ಬಡಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆವತ್ತು ಅಕ್ಕ ಮೂರು ರೊಟ್ಟಿ ತಿಂದಳು. ಮೂರನ್ನೂ ಅವರೇ ತಂದರು.